ಮೆಟ್ಟಿಲೇರದ ಮೋತಿ

ನಮ್ಮ ಮೋತಿಗೆ ಈಗ 11 ವರ್ಷ. ನಾವು ಶಾಲೆಯಿಂದ ಮರಳುವ ಹೊತ್ತಿಗೆ ಚಾಳಿನ ಬಾಗಿಲಲ್ಲಿ ಕಾದಿದ್ದು, ನಮಗಿಂತ ಮೊದಲೇ ಎರಡನೆಯ ಮಾಳಿಗೆಗೆ ಓಡಿ ನಿಲ್ಲುವುದು ಅದರ ನಿತ್ಯಕ್ರಮವಾಗಿತ್ತು. ಕಳೆದ ಮಳೆಗಾಲದಲ್ಲಿ ಆ ಕ್ರಮ ತಪ್ಪಿತು. ಮೋತಿ ಕೆಳಗಿನ ಮೆಟ್ಟಿಲ ಬಳಿಯೇ ಕುಳಿತು ನಮ್ಮ ಮುಖವನ್ನು ನೋಡತೊಡಗಿತು. ಮುಪ್ಪಿನೊಡನೆ ಸೋಮಾರಿತನವೂ ಬಂದಿತೆಂದು ನಾವು ನಕ್ಕೆವು. ಕೊರಳಪಟ್ಟಿ ಹಿಡಿದು ಎಳೆದೆವು. ಒಂದು ದಿನ ತಂಗಿ ಸೊಂಟವನ್ನು ತಡವಿದಾಗ, ಎಂದೂ ಗದರದ ಪ್ರಾಣಿ ಗುರ್ರೆಂದಿತು, ಪೆಟ್ಟನ್ನೂ ತಿಂದಿತು. ಪೆಟ್ಟು ಕೊಟ್ಟ ಕೈ ನಮ್ಮದೇ ಎಂಬುದನ್ನು ಇಲ್ಲಿ ಮರೆಮಾಚುವುದಿಲ್ಲ.

ನಿಜವನ್ನು ಮೊದಲು ಕಂಡವರು ಮೊಣಕಾಲು ನೋವಿನ ನಮ್ಮ ಅಜ್ಜಿ. “ಅದು ಏಳೋದನ್ನ ನೋಡ್ರೋ, ನನ್ನ ಹಾಗೇ ಏಳ್ತದೆ” ಎಂದರು. ಕನಿಕರದಿಂದ ತಮ್ಮ ನೋವಿನ ಗುಳಿಗೆಯನ್ನೂ ತೆಗೆದಿಟ್ಟರು. ಪುಣ್ಯವಶಾತ್, ಅದನ್ನು ಕೊಡುವ ಮೊದಲೇ ಪಶುವೈದ್ಯರಲ್ಲಿಗೆ ಹೋದೆವು.

ವೈದ್ಯರು ಹಿಂಗಾಲನ್ನು ಮೆಲ್ಲಗೆ ಮಡಿಸಿ ನೋಡಿ, ಸಂಧಿವಾತವೆಂದರು. ಎಲುಬಿನ ತುದಿಯ ನುಣುಪಾದ ಮೃದ್ವಸ್ಥಿ ಸವೆದು, ಕೀಲು ಬಾತು, ಅಂಚಿನಲ್ಲಿ ಹೊಸ ಎಲುಬು ಬೆಳೆಯುವುದಂತೆ. ಸವೆದುದು ಮರಳಿ ಬಾರದು, ನೋವನ್ನು ಹತೋಟಿಯಲ್ಲಿಡಬಹುದು. ಗುಳಿಗೆಯ ಮಾತೆತ್ತಿದೊಡನೆ ಅವರು ಗಂಭೀರರಾದರು. ಮನುಷ್ಯರ ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸೀತು. ಪ್ಯಾರಾಸಿಟಮಾಲಿನ ಒಂದೇ ಗುಳಿಗೆ ಬೆಕ್ಕನ್ನು ಕೊಲ್ಲಬಲ್ಲುದು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್, ಅವುಗಳ ಹೆಣ ತಿಂದ ರಣಹದ್ದುಗಳನ್ನು ಕೊಂದುದರಿಂದ, 2006ರಲ್ಲಿ ನಮ್ಮ ದೇಶದ ಪಶುವೈದ್ಯದಲ್ಲಿ ನಿಷಿದ್ಧವಾಯಿತೆಂದೂ ತಿಳಿಸಿದರು.

ಮೋತಿಯನ್ನು ತೂಗಿ, ಆ ತೂಕಕ್ಕೆ ತಕ್ಕಷ್ಟು ಮೆಲಾಕ್ಸಿಕಾಮ್ ಬರೆದುಕೊಟ್ಟರು. ಆದರೆ ಕಠಿಣವಾದ ಪಥ್ಯ ನಮ್ಮ ಪಾಲಿಗೇ ಬಂದಿತು. ಸವೆದ ಕೀಲಿನ ಮೇಲಣ ಹೊರೆ ತಗ್ಗಲು ಅದರ ಮೈ ಇಳಿಯಬೇಕು. ಊಟದ ಹೊತ್ತಿನಲ್ಲಿ ನಾವು ಎಸೆಯುತ್ತಿದ್ದ ಚಪಾತಿ ಚೂರು, ಬಿಸ್ಕತ್ತು ನಿಂತವು. (ತಮ್ಮನು ಇನ್ನೂ ಕದ್ದು ಕೊಡುವನೆಂದು ನಮ್ಮ ಗುಮಾನಿ.) ಭಾನುವಾರ ಒಮ್ಮೆಗೇ ಮೈದಾನ ಸುತ್ತಿಸುವ ಬದಲು, ದಿನಕ್ಕೆ ಮೂರು ಸಲ ಹತ್ತು ಹತ್ತು ನಿಮಿಷ ನಡೆಸುತ್ತೇವೆ. ಜಾರುವ ನೆಲಕ್ಕೆ ಗೋಣಿತಾಟು ಹಾಸಿದ್ದೇವೆ.

ಬೆಕ್ಕು ಕುಂಟದೆಯೇ ನೋವನ್ನು ಬಚ್ಚಿಡುವುದೆಂದೂ, ಎತ್ತರಕ್ಕೆ ಹಾರುವುದನ್ನು ಬಿಟ್ಟು, ಬೆನ್ನು ನೆಕ್ಕಿಕೊಳ್ಳಲಾರದೆ ಕೂದಲು ಗಂಟುಗಟ್ಟುವುದೆಂದೂ ವೈದ್ಯರು ಹೇಳಿದ್ದರು. ನೆರೆಮನೆಯ ಮುದಿ ಬೆಕ್ಕಿನ ಬೆನ್ನು ಹಾಗೆಯೇ ಇತ್ತು! ಅವರಿಗೆ ತಿಳಿಸಿದೆವು. ಈಗ ಅವರ ಕಿಟಕಿಯ ಕೆಳಗೆ ಹತ್ತಲು ಒಂದು ಮಣೆ, ಒಂದು ಸ್ಟೂಲು.

ಸಂಜೆ ತಂಗಿ ಹಳೆಯ ಟವೆಲನ್ನು ಮೋತಿಯ ಹೊಟ್ಟೆಯ ಕೆಳಗೆ ಜೋಲಿಯಂತೆ ಹಿಡಿಯುತ್ತಾಳೆ. ನಾವು ಮುಂದೆ ಮುಂದೆ ನಡೆಯುತ್ತೇವೆ. ತಿರುವಿನಲ್ಲಿ ಮೋತಿ ನಿಂತರೆ ನಾವೂ ನಿಲ್ಲುತ್ತೇವೆ. ಮೇಲೆ ಅಜ್ಜಿ, ಗೋಡೆ ಹಿಡಿದು, ಬಾಗಿಲಲ್ಲಿ ಕಾದಿರುತ್ತಾರೆ.