ಕೊಳವೆ ಇಲ್ಲದ ಕೂರಿಗೆ

ಹಿಂಗಾರಿ ಜೋಳದ ಬಿತ್ತನೆ ಮುಗಿದಿತ್ತು. ಒಂದು ಸಂಜೆ ನಮ್ಮೂರ ಶಾಲೆಯ ಅಕ್ಕೋರು ಜೆರಾಕ್ಸ್ ಹಾಳೆಯೊಂದನ್ನು ಹಿಡಿದು ಮನೆಗೆ ಬಂದರು. "ಇದ್ರಾಗ ಏನ್ ಕಾಣ್ತದ ಹೇಳ್ರಿ ನೋಡೂಣು" ಎಂದರು. ಕರ್ರಗೆ ಒಂದು ಗುಡ್ಡೆ ಕಂಡಿತು. ಎಮ್ಮೆ ಮಲಗಿದೆ ಎಂದೆವು. ಅದು ಬೀಸುವ ಕಲ್ಲಂತೆ!

ಅವರ ಮೊಬೈಲ್‌ನಲ್ಲಿ ಫೋಟೊ ಚೆನ್ನಾಗಿಯೇ ಇತ್ತು. ಆದರೆ ಜೆರಾಕ್ಸ್ ಯಂತ್ರದೊಳಗೆ ಇರುವುದು ಕಪ್ಪು ಪುಡಿಯೊಂದೇ. ಮಾಸಿದ ಗೋಡೆ, ಸಗಣಿ ಸಾರಿಸಿದ ನೆಲ, ಕಲ್ಲು, ಕಲ್ಲಿನ ನೆರಳು, ಎಲ್ಲವನ್ನೂ ಅದು ಆ ಕಪ್ಪಿನಲ್ಲೇ ತೋರಿಸಬೇಕು. ಹಿಂದಿನದನ್ನೆಲ್ಲ ಅಳಿಸಿ ವಸ್ತುವನ್ನಷ್ಟೇ ಬಿಳಿ ಹಾಳೆಯ ಮೇಲೆ ಇಟ್ಟರೆ ಮಾತ್ರ ಮಕ್ಕಳಿಗೆ ಕಾಣುತ್ತದೆ.

ಅಕ್ಕೋರ ಕೋಣೆಯಲ್ಲಿ ಒಂದು, ಎರಡು, ಮೂರನೇ ತರಗತಿ ಒಟ್ಟಿಗೆ ಕೂರುತ್ತವೆ. ಅದು ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿದ ಪದ್ಧತಿ. ಅಕ್ಕೋರು ಒಂದು ಗುಂಪಿನ ಹತ್ತಿರ ಕೂತಾಗ ಉಳಿದವರು ತಾವೇ ಹಾಳೆ ನೋಡಿ ಬರೆಯಬೇಕು. ಆ ಹೊತ್ತಿನಲ್ಲಿ ಹಾಳೆಯೇ ಮಾಸ್ತರು. ಇಂಟರ್ನೆಟ್‌ನಲ್ಲಿ 'ರೈತ' ಎಂದು ಹುಡುಕಿದರೆ ಹುಲ್ಲಿನ ಟೋಪಿಯವನು ಬರುತ್ತಾನೆ. ನಮ್ಮ ಮೊರ, ಕುಡುಗೋಲು, ಕೂರಿಗೆ, ಕುಂಟೆ ಬೇಕು ಎಂಬುದು ಅಕ್ಕೋರ ಆಸೆ.

ಒಪ್ಪಿಕೊಂಡೆವು. ಜಂಬವೂ ಇತ್ತು ಅನ್ನಿ. ಡಿಪ್ಲೊಮಾ ಓದುವಾಗ ಫೋಟೊಶಾಪ್‌ನಲ್ಲಿ ವಸ್ತುವಿನ ಅಂಚಿಗೆ ಚುಕ್ಕೆ ಮೇಲೆ ಚುಕ್ಕೆ ಇಟ್ಟು ಒಂದು ಚಿತ್ರ ಕತ್ತರಿಸಲು ಮಧ್ಯಾಹ್ನವೆಲ್ಲ ಕಳೆದವರು ನಾವು. ಈಗ ಆ್ಯಪ್‌ಗೆ ಫೋಟೊ ಕೊಟ್ಟರೆ ಚಹಾ ಬಸಿಯುವಷ್ಟರಲ್ಲಿ ಹಿನ್ನೆಲೆ ಮಾಯ.

ಅದೇ ಕ್ಲಾಸಿನಲ್ಲಿ ಮೇಷ್ಟ್ರು ಇನ್ನೊಂದು ಮಾತನ್ನೂ ಹೇಳಿದ್ದರು: ಸುದ್ದಿಯ ಫೋಟೊ ಆದರೆ ಹಿನ್ನೆಲೆ ಮುಟ್ಟಬೇಡಿ, ಸಾಕ್ಷಿ ಇರುವುದೇ ಅಲ್ಲಿ. ಮಳೆಗೆ ಬಿದ್ದ ಮನೆಯ ಮುಂದೆ ನಿಂತ ಮುದುಕಿಯ ಹಿಂದಿನಿಂದ ಮನೆ ತೆಗೆದರೆ ಪರಿಹಾರ ಕೇಳಲು ಏನು ಉಳಿಯಿತು? ಸ್ಟ್ರಿಂಗರ್ ಕೆಲಸದಲ್ಲಿ ಇಷ್ಟು ವರ್ಷ ಅದನ್ನು ಪಾಲಿಸಿದ್ದೇವೆ. ವರ್ಕ್‌ಶೀಟ್‌ಗೆ ಆ ಮಾತು ಯಾಕೆ ಎಂದುಕೊಂಡೆವು.

ಒಂದೇ ರಾತ್ರಿ ಇಪ್ಪತ್ತು ಚಿತ್ರ ಮುಗಿಸಿದೆವು. ಮೊರ ಸೊಗಸಾಗಿ ಬಂತು. ಬೀಸುವ ಕಲ್ಲೂ ಬಂತು, ಗೂಟದ ಸಮೇತ. ಪಾರದರ್ಶಕ ಚಿತ್ರ ಉಳಿಯಬೇಕಾದರೆ ಪಿಎನ್‌ಜಿ ಆಗಿ ಸೇವ್ ಮಾಡಬೇಕು. ವಾಟ್ಸಾಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಜೆಪಿಜಿ ಆಗಿ ಪಾರದರ್ಶಕತೆ ಹೋಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಬೇಕು. ಇದನ್ನೆಲ್ಲ ಅಕ್ಕೋರಿಗೆ ದೊಡ್ಡ ಪಂಡಿತರ ಹಾಗೆ ಹೇಳಿದೆವು. ಉತ್ತರಗಳ ಪಟ್ಟಿಯನ್ನೂ ನಾವೇ ಬರೆದುಕೊಟ್ಟೆವು.

ವಾರದ ಮೇಲೆ ಶಾಲೆಗೆ ಹೋದಾಗ ಬರೆದ ಹಾಳೆಗಳು ಗೋಡೆಗೆ ಅಂಟಿದ್ದವು. ಮೂರನೇ ತರಗತಿಯ ಹುಡುಗಿಯೊಬ್ಬಳ ಹಾಳೆಯಲ್ಲಿ ಕೂರಿಗೆಯ ಚಿತ್ರದ ಕೆಳಗೆ 'ಕುಂಟಿ' ಎಂದಿತ್ತು. ಮೇಲೆ ಕೆಂಪು ಗೆರೆಯ ತಪ್ಪು ಗುರುತು. ಅವಳ ಅಜ್ಜ ಈಗಲೂ ಎತ್ತು ಕಟ್ಟಿ ಬಿತ್ತುವವರು. ನಕ್ಕು ಕೇಳಿದೆವು, "ಏನವ್ವಾ, ಕೂರಿಗಿ ಗುರುತಾ ಹತ್ತಲಿಲ್ಲೇನು?"

ಹುಡುಗಿ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಬಾಯಿ ಬಿಟ್ಟಳು: "ಕೂರಿಗಿ ಆದ್ರ ಕೊಳಿವಿ ಎಲ್ಲಿ ಅದಾವ್ರಿ ಸರ?"

ಹತ್ತಿರ ಹೋಗಿ ನೋಡಿದೆವು. ಬಟ್ಟಲಿನಿಂದ ತಾಳಿಗೆ ಬೀಜ ಇಳಿಸುವ ಬಿದಿರಿನ ಕೊಳವೆಗಳು ಇರಲಿಲ್ಲ. ಬಟ್ಟಲೂ ಇರಲಿಲ್ಲ. ತಾಳುಗಳ ತುದಿ ಮಣ್ಣಿನ ಬಣ್ಣಕ್ಕೇ ಇದ್ದವು, ಮಣ್ಣಿನ ಜೊತೆ ಅವೂ ಹೋಗಿದ್ದವು. ಉಳಿದದ್ದು ದಿಂಡು, ಈಸು, ಮೇಳಿ. ಇಷ್ಟೇ ಇದ್ದರೆ ಅದನ್ನು ಕುಂಟೆ ಎನ್ನದೆ ಏನನ್ನಬೇಕು?

ಆ್ಯಪ್ ಲೆಕ್ಕವಿಲ್ಲದಷ್ಟು ಫೋಟೊ ನೋಡಿ ಕಲಿತಿರುತ್ತದೆ. ಮನುಷ್ಯ, ನಾಯಿ, ಕಾರು, ಬೂಟು ಅದಕ್ಕೆ ಚೆನ್ನಾಗಿ ಗೊತ್ತು. ಕೂರಿಗೆಯನ್ನು ಎಷ್ಟು ನೋಡಿದ್ದೀತು? ತೆಳ್ಳಗಿನ ಕೊಳವೆ, ನಡುವೆ ಸಂದು, ಸಂದಿನಲ್ಲಿ ಗೋಡೆ. ಅದು ಎಲ್ಲವನ್ನೂ ಗೋಡೆ ಎಂದುಕೊಂಡಿತು. ಅದರ ಮೇಲೆ ನಮಗೆ ಸಿಟ್ಟಿಲ್ಲ. ಕೂರಿಗೆ ಹಿಂದೆ ನಡೆದು ಬೆಳೆದವರು ನಾವು, ಕಣ್ಣಾಡಿಸದೆ ಕಳಿಸಿದೆವಲ್ಲ. ಅಕ್ಕೋರು ನಮ್ಮ ಪಟ್ಟಿ ನಂಬಿ ಗೆರೆ ಎಳೆದರು. ಚಿತ್ರವನ್ನು ಸರಿಯಾಗಿ ನೋಡಿದ್ದು ಆ ಹುಡುಗಿ ಒಬ್ಬಳೇ, ತಪ್ಪು ಸಿಕ್ಕಿದ್ದೂ ಅವಳಿಗೇ.

ಉಳಿದ ಹಾಳೆಗಳನ್ನೂ ಆಮೇಲೆ ಬೇರೆ ಕಣ್ಣಿನಿಂದ ನೋಡಿದೆವು. ಇನ್ನೊಂದು ಎಡವಟ್ಟು ಕಂಡಿತು. ಹಿನ್ನೆಲೆ ಹೋದ ಮೇಲೆ ಇರುವೆಯೂ ಎಮ್ಮೆಯೂ ಒಂದೇ ಅಳತೆ. ಒಂದನೇ ತರಗತಿಯ ಮಗು 'ಯಾವುದು ದೊಡ್ಡದು' ಎಂಬಲ್ಲಿ ಇರುವೆಗೆ ಸುತ್ತು ಹಾಕಿತ್ತು. ಹಾಳೆಯ ಮೇಲೆ ಇರುವೆ ಕೂದಲೆಳೆಯಷ್ಟು ದೊಡ್ಡದೇ ಇತ್ತು, ಅಳೆದೆವು.

ಮಕ್ಕಳ ಮುಖ ಕತ್ತರಿಸಿ ಹೆಸರಿನ ಚೀಟಿ ಮಾಡಿಕೊಡಿ ಎಂದೂ ಅಕ್ಕೋರು ಕೇಳಿದ್ದರು. ಅದಕ್ಕೆ ಮಾತ್ರ ಒಲ್ಲೆವೆಂದೆವು. ಇಂಥ ಬಹಳಷ್ಟು ಪುಕ್ಕಟೆ ಆ್ಯಪ್‌ಗಳಲ್ಲಿ ಫೋಟೊ ನಮ್ಮ ಫೋನ್ ಬಿಟ್ಟು ಕಂಪನಿಯ ಕಂಪ್ಯೂಟರಿಗೆ ಹೋಗಿ ಬರುತ್ತದೆ. 2023ರ ದತ್ತಾಂಶ ರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ತಂದೆ-ತಾಯಿಯ ಒಪ್ಪಿಗೆ ಬೇಕು ಎನ್ನುತ್ತದೆ. ಮೊರಕ್ಕೆ ಆ ತೊಂದರೆ ಇಲ್ಲ.

ಮರುದಿನ ಬೆಳಿಗ್ಗೆ ಆ ಹುಡುಗಿಯ ಮನೆಗೆ ಹೋದೆವು. ಬಿಸಿಲು ಏರುವ ಮೊದಲು, ನೆರಳಲ್ಲಿ, ಕೂರಿಗೆಯ ಹಿಂದೆ ಅಜ್ಜನ ಬಿಳಿ ಧೋತರ ಕಟ್ಟಿದೆವು. ತಾಳಿನ ಕೆಳಗೂ ಬಿಳಿ ಚೀಲ ಹಾಸಿದೆವು. ಹಿನ್ನೆಲೆ ಮೊದಲೇ ಬಿಳಿಯಾದರೆ ಆ್ಯಪ್‌ಗೆ ಊಹಿಸುವ ಕೆಲಸ ಕಡಿಮೆ. ಆದರೂ ಒಂದು ಕೊಳವೆ ತಿಂದಿತು. ಅಳಿಸಿದ್ದನ್ನು ಮರಳಿ ತರುವ ಬ್ರಷ್‌ನಿಂದ, ಚಿತ್ರ ಹಿಗ್ಗಿಸಿಕೊಂಡು, ಬೆರಳಲ್ಲಿ ತೀಡಿ ತಂದೆವು. ಹುಡುಗಿ ಪಕ್ಕದಲ್ಲಿ ಕೂತು ಕೊಳವೆ ಎಣಿಸಿದಳು. ಬಟ್ಟಲು ಸೊಟ್ಟ ಆಗದ ಎಂದಳು, ಅದನ್ನೂ ತಿದ್ದಿದೆವು.

ಕೂರಿಗೆ ವಾಲದಂತೆ ಅಜ್ಜ ಮೇಳಿ ಹಿಡಿದಿದ್ದರು. ಅವರ ಕೈ ಮೊಣಕೈವರೆಗೆ ಚಿತ್ರದಲ್ಲಿ ಉಳಿದಿತ್ತು. ಆ್ಯಪ್ ಅದನ್ನು ಬಿಟ್ಟಿತ್ತು, ಕೈ ಅದಕ್ಕೆ ಗೊತ್ತಿರುವ ವಸ್ತು. ಅಳಿಸಲು ಬೆರಳು ಇಟ್ಟೆವು, ಆಮೇಲೆ ಬೇಡವೆನಿಸಿತು. ಕೂರಿಗೆ ಎಷ್ಟು ಎತ್ತರ ಎಂದು ಆ ಕೈಯೇ ಹೇಳುತ್ತಿತ್ತು. ಅಜ್ಜನನ್ನು ಕೇಳಿದೆವು. "ಇರಲಿ ಬಿಡ್ರಿ, ಕೈ ಇಲ್ದ ಯಾರ್ ಬಿತ್ತತಾರ" ಎಂದರು.

ಅಕ್ಕೋರು ಗೋಡೆಯ ಮೇಲಿನ ಹಾಳೆಯಲ್ಲಿ ತಪ್ಪು ಗುರುತು ಹೊಡೆದು ಸರಿ ಹಾಕಿದ್ದಾರೆ. ಹೊಸ ಹಾಳೆ ಸೋಮವಾರ ಜೆರಾಕ್ಸ್‌ಗೆ ಹೋಗುತ್ತದೆ. ಅದಕ್ಕೂ ಮೊದಲು ಹುಡುಗಿ ಇನ್ನೊಮ್ಮೆ ನೋಡಬೇಕಂತೆ.