ಬೀಟೆ ಪಟ್ಟಿಯ ಮೇಲೆ ಉಕ್ಕು

ಮೇ 26, 2025. ಡೊಂಬಿವಲಿ

ಮುಂಬಯಿಗೆ ಇವತ್ತೇ ಮಳೆಗಾಲ ಬಂತು. 1950ರಿಂದೀಚೆಗೆ ಇಷ್ಟು ಬೇಗ ಬಂದದ್ದೇ ಇಲ್ಲವಂತೆ. ವರ್ಲಿಯ ಆಚಾರ್ಯ ಅತ್ರೆ ಚೌಕದ ಹೊಸ ಮೆಟ್ರೊ ನಿಲ್ದಾಣದೊಳಗೆ ನೀರು ನುಗ್ಗಿದೆ. ಲೋಕಲ್‌ಗಳೆಲ್ಲ ತಡ. ಮನೆ ಸೇರುವಷ್ಟರಲ್ಲಿ ಕತ್ತಲಾಗಿತ್ತು.

ಊಟವಾದ ಮೇಲೆ ಎಲೆಕ್ಟ್ರಿಕ್ ಗಿಟಾರ್ ತೆಗೆದೆ. ಎರಡನೇ ತಂತಿ ಮೂರನೇ ಫ್ರೆಟ್ಟಿನಲ್ಲಿ, ಅಂದರೆ ಬೆರಳಿಡುವ ಪಟ್ಟಿಯ ಮೇಲಿನ ಮೂರನೇ ಲೋಹದ ಮೆಟ್ಟಿಲಿನಲ್ಲಿ, ಜರ್ ಎನ್ನುತ್ತಿದೆ. ದೀಪದ ಕೆಳಗೆ ಹಿಡಿದು ನೋಡಿದರೆ ಮೊದಲ ಐದಾರು ಫ್ರೆಟ್ಟುಗಳಲ್ಲಿ ತಂತಿ ಕೂರುವ ಜಾಗದಲ್ಲೆಲ್ಲ ಸಣ್ಣ ಸಣ್ಣ ಹಳ್ಳ. ಸುತ್ತಿಲ್ಲದ ಸಾದಾ ತಂತಿಗಳ ಕೆಳಗೇ ಅದು ಹೆಚ್ಚು ಆಳ. ಸಹಜವೇ. ತಂತಿ ಗಟ್ಟಿ ಉಕ್ಕು, ಫ್ರೆಟ್ಟು ತಾಮ್ರ, ನಿಕಲ್, ಸತುವಿನ ಮಿಶ್ರಲೋಹ. ಸಾಲದ್ದಕ್ಕೆ ಇಲ್ಲಿಯ ಉಪ್ಪುಗಾಳಿಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ತಂತಿಯನ್ನು ಫ್ರೆಟ್ಟಿನ ಮೇಲೆ ಅಡ್ಡಕ್ಕೆ ಎಳೆದಾಗ ಅದು ಅರದಂತೆಯೇ ಉಜ್ಜುತ್ತದೆ. ನಾನಂತೂ ಗಮಕಕ್ಕಾಗಿ ಸದಾ ಎಳೆಯುವವನು.

ಮೇ 31

ಗಿಟಾರ್ ಹೆಗಲಿಗೇರಿಸಿಕೊಂಡು ದಾದರಿನಲ್ಲಿ ಸೆಂಟ್ರಲ್ ಲೈನಿನಿಂದ ವೆಸ್ಟರ್ನ್‌ಗೆ ದಾಟಿ ಮಲಾಡಿನ ಓರ್ಲೆಮ್‌ಗೆ ಹೋದೆ. ರಿಪೇರಿಯ ಅಂಕಲ್ ಕನ್ನಡಕ ಹಣೆಗೇರಿಸಿ, ಪಟ್ಟಿಯ ಮೇಲೆ ಉಕ್ಕಿನ ಸ್ಕೇಲು ಆನಿಸಿ ನೋಡಿದರು. ಹಿಂದೆಯೇ ಎರಡು ಸಲ ಲೆವೆಲ್ ಮಾಡಿಸಿದ್ದಾಗಿದೆ. ಲೆವೆಲ್ ಎಂದರೆ ಎಲ್ಲ ಫ್ರೆಟ್ಟುಗಳನ್ನೂ ಅತಿ ತಗ್ಗಾದ ಹಳ್ಳದ ಮಟ್ಟಕ್ಕೆ ಉಜ್ಜಿ, ಮತ್ತೆ ತಲೆ ದುಂಡಗೆ ಮಾಡುವುದು. ಪ್ರತಿ ಸಲವೂ ಎತ್ತರ ಕರಗುತ್ತದೆ. "ಇನ್ನು ಉಜ್ಜಲಿಕ್ಕೆ ಲೋಹ ಉಳಿದಿಲ್ಲ ಸಾಬ್, ಎಲ್ಲ ಕಿತ್ತು ಹೊಸದು ಹಾಕಬೇಕು" ಎಂದರು. ಯಾವುದು ಹಾಕಲಿ ಎಂದು ಕೇಳಿದರು. ಮೊದಲಿನಂತೆ ನಿಕಲ್ ಸಿಲ್ವರೋ, ಸ್ಟೇನ್‌ಲೆಸ್ ಸ್ಟೀಲೋ?

ಎರಡೂ ಬಗೆಯ ತುಂಡುಗಳನ್ನು ಕೈಗೆ ಕೊಟ್ಟರು. ನಿಕಲ್ ಸಿಲ್ವರ್ ಬೆರಳಲ್ಲೇ ಬಗ್ಗಿತು. ಉಕ್ಕು ಬಗ್ಗಿದಂತೆ ಮಾಡಿ ಹಿಂದಕ್ಕೆ ಚಿಮ್ಮಿತು. ವಿಕರ್ಸ್ ಅಳತೆಯಲ್ಲಿ ಮೊದಲನೆಯದರ ಗಡಸುತನ ಸುಮಾರು 200, ಉಕ್ಕಿನದು 300ರ ಆಸುಪಾಸು. ಅಂಕಲ್‌ಗೆ ಉಕ್ಕು ಇಷ್ಟವಿಲ್ಲ, ಅದನ್ನು ಮುಚ್ಚಿಡಲೂ ಇಲ್ಲ. ಕತ್ತರಿಸುವ ನಿಪ್ಪರಿನ ಬಾಯಿ ಹೋಗುತ್ತದೆ, ಸಾಮಾನ್ಯ ಅರ ಹಿಡಿಯುವುದಿಲ್ಲ, ತಲೆ ದುಂಡಗೆ ಮಾಡಲು ವಜ್ರದ ಪುಡಿ ಕೂರಿಸಿದ ಅರ ಬೇಕು. ಪಟ್ಟಿಯ ಬಾಗಿಗಿಂತ ಹೆಚ್ಚೇ ಬಗ್ಗಿಸಿ ಕೂರಿಸದಿದ್ದರೆ ತುದಿ ಮೇಲೇಳುತ್ತದೆ. ಕೂಲಿ ಒಂದೂವರೆ ಪಟ್ಟು ಕೇಳಿದರು. ನ್ಯಾಯವಾದ ಮಾತು. ಕೈಯೂ ಸಾಮಾನೂ ಸವೆಯುವುದು ಅವರದೇ.

ಮೂರನೆಯದೂ ಒಂದಿದೆ, ಇವೋ ಎಂಬ ಹೊಂಬಣ್ಣದ ಮಿಶ್ರಲೋಹ. ನಿಕಲ್ ಒಗ್ಗದವರ ಕನ್ನಡಕದ ಚೌಕಟ್ಟಿಗೆಂದು ಮಾಡಿದ್ದು, ಗಡಸಿನಲ್ಲಿ ಎರಡರ ನಡುವೆ ನಿಲ್ಲುತ್ತದೆ. ನನಗೆ ನಿಕಲ್ ಒಗ್ಗುತ್ತದೆ. ಬಣ್ಣದ ಆಸೆಯೂ ಇಲ್ಲ.

ಜೂನ್ 4

ಮೈಸೂರಿಗೆ ಫೋನ್ ಮಾಡಿದೆ. ಅಕ್ಕನ ವೀಣೆಯೂ ಮೇಳ ಕಟ್ಟಿಸಲು ಹೋಗಿದೆಯಂತೆ.

"ಮೇಣ ಬಿಸಿ ಮಾಡಿ, ಮೆಟ್ಟಿಲು ಎಲ್ಲ ಎಬ್ಬಿಸಿ, ಒಂದೊಂದನ್ನೂ ಕಿವಿಯಿಂದ ಕೇಳಿ ಮತ್ತೆ ಕೂರಿಸ್ತಾರೆ ಕಣೋ. ಇಪ್ಪತ್ನಾಲ್ಕೂ. ಅದೇನು ದೊಡ್ಡ ವಿಷಯ, ನಿಂದೂ ಹಾಗೇ ಮಾಡ್ಸು."

"ನಂದು ಮೇಣದ ಮೇಲೆ ಕೂತಿಲ್ಲ ಅಕ್ಕಾ. ಮರದೊಳಗೆ ಬಡಿದಿದಾರೆ."

"ಹಾಗಾದ್ರೆ ಕೀಳುವಾಗ ಮರ ಏಳಲ್ವೇನೋ?"

ಎಷ್ಟು ಸಲೀಸಾಗಿ ಕೇಳಿಬಿಟ್ಟಳು! ಫೋನಿಟ್ಟ ಮೇಲೂ ಅದೇ ಯೋಚನೆ. ನಮ್ಮ ವಾದ್ಯಗಳಲ್ಲಿ ಮೆಟ್ಟಿಲು ಕಳಚಲೆಂದೇ ಇರುವಂಥದ್ದು. ವೀಣೆಯಲ್ಲಿ ಮೇಣ ಅದನ್ನು ಹಿಡಿದಿರುತ್ತದೆ. ಮಿರಜದಲ್ಲಿ ಮಾಡುವ ಸಿತಾರಿನ ಪರದೆಗಳನ್ನು ದಾರದಿಂದ ಕಟ್ಟಿರುತ್ತಾರೆ, ರಾಗಕ್ಕೆ ತಕ್ಕಂತೆ ಸರಿಸಲೂಬಹುದು. ಲೋಹ ಸವೆದರೆ ಲೋಹವನ್ನಷ್ಟೇ ಬದಲಿಸುವುದು, ಮರಕ್ಕೆ ನೋವಿಲ್ಲ. ಗಿಟಾರಿನದು ಬೇರೆ ಕತೆ. ಫ್ರೆಟ್ಟಿನ ಕೆಳಗೊಂದು ಕಾಲು, ಆ ಕಾಲಿನ ಎರಡೂ ಮಗ್ಗುಲಲ್ಲಿ ಸಣ್ಣ ಮುಳ್ಳು. ಪಟ್ಟಿಯಲ್ಲಿ ಕೊಯ್ದ ಗೀರಿನೊಳಗೆ ಅವು ಕಚ್ಚಿಕೊಂಡು ಕೂತಿರುತ್ತವೆ. ಕೀಳುವಾಗ ಬೆಸುಗೆಯ ಕಡ್ಡಿಯಿಂದ ಬಿಸಿ ಮುಟ್ಟಿಸಿ ಎಷ್ಟೇ ನಾಜೂಕಾಗಿ ಎತ್ತಿದರೂ ಮರದ ಚಕ್ಕೆ ಏಳುವುದುಂಟು, ಗೀರು ಸಡಿಲವಾಗುವುದುಂಟು.

ನನ್ನ ಗಿಟಾರಿನ ಪಟ್ಟಿ ಬೀಟೆ. ನಮ್ಮ ಪಶ್ಚಿಮ ಘಟ್ಟದ ಮರ, ಲೋಕದ ಅದೆಷ್ಟೋ ಗಿಟಾರುಗಳ ಮೇಲೆ ಕೂತಿದೆ. 2017ರಿಂದ ಬೀಟೆಯ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೇ ಕಟ್ಟುಪಾಡು ಬಂತು. ಸಿದ್ಧ ವಾದ್ಯಗಳಿಗೆ ಎರಡು ವರ್ಷದ ಮೇಲೆ ವಿನಾಯಿತಿ ಸಿಕ್ಕಿತು. ಹಾಗೆ ಕಾಯಬೇಕಾದ ಮರವನ್ನು ನಾಲ್ಕಾರು ವರ್ಷಕ್ಕೊಮ್ಮೆ ಕೆದಕಬೇಕೆ?

ಜೂನ್ 14

ಮಧ್ಯಾಹ್ನ ಧೋಬಿ ತಲಾವ್. ಜೆರ್ ಮಹಲಿನ ಮುಂದೆ ಸ್ವಲ್ಪ ಹೊತ್ತು ನಿಂತೆ. ಗೋವೆಯಿಂದ ಬಂದವರ ಕುಡ್ಡುಗಳು, ಅಂದರೆ ಒಂದೇ ಊರಿನವರು ಕೂಡಿ ತಂಗುವ ಮನೆಗಳು, ಇದ್ದ ಕಟ್ಟಡ. ಹಿಂದಿ ಸಿನಿಮಾದ ವಾದ್ಯಗೋಷ್ಠಿಗಳಲ್ಲಿ ಎಷ್ಟು ಮಂದಿ ಗೋವೆಯವರಿದ್ದರು! 1865ರಷ್ಟು ಹಳೆಯ ಫುರ್ಟಾಡೋಸ್ ಅಂಗಡಿಯೂ ಈ ಸುತ್ತಿನದೇ. ಅಲ್ಲಿ ಎರಡೂ ಬಗೆಯ ಫ್ರೆಟ್ಟಿನ ಗಿಟಾರ್‌ಗಳನ್ನು ಸಾವಧಾನವಾಗಿ ನುಡಿಸಿ ನೋಡಿದೆ.

ಉಕ್ಕು ಕರ್ಕಶ, ಚೂಪು, ಹಳೆಯ ಬೆಚ್ಚನೆಯ ನಾದ ಹೋಗುತ್ತದೆ ಎನ್ನುವವರು ಬಹಳ. ನನ್ನ ಕಿವಿಗೆ ಮೀಟಿದ ಕ್ಷಣದಲ್ಲಿ ಒಂದಿಷ್ಟು ಹೊಳಪು ಹೆಚ್ಚು ಕೇಳಿಸಿತೇನೋ, ಅಷ್ಟೆ. ಅದಾದರೂ ಬೇರೆ ಮರ, ಬೇರೆ ಪಿಕಪ್, ಬೇರೆ ತಂತಿಯ ಎರಡು ವಾದ್ಯಗಳ ನಡುವಣ ವ್ಯತ್ಯಾಸ. ಅದನ್ನು ಫ್ರೆಟ್ಟಿನ ಲೆಕ್ಕಕ್ಕೆ ಹಾಕಲು ಮನಸ್ಸು ಒಪ್ಪದು. ಆಂಪ್ಲಿಫೈಯರಿನ ಟ್ರೆಬಲ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ, ದಪ್ಪ ಪ್ಲೆಕ್ಟ್ರಮ್ ಹಿಡಿದರೆ ಇದಕ್ಕಿಂತ ದೊಡ್ಡ ಬದಲಾವಣೆ ಆಗುತ್ತದೆ. 1971ರ 'ದಮ್ ಮಾರೋ ದಮ್' ಹಾಡಿನ ಗಿಟಾರಿನಲ್ಲಿ ಭೂಪಿಂದರ್ ಸಿಂಗ್ ತಂದ ಗುಂಗು ಅವರ ಕೈಯದು. ಉಕ್ಕಿನ ಫ್ರೆಟ್ಟು ಆಗಿನ ಮಾತೇ ಅಲ್ಲ. ಪಾರ್ಕರ್ ಫ್ಲೈ ಗಿಟಾರ್ ಅದನ್ನು ಹೊತ್ತು ಮಾರುಕಟ್ಟೆಗೆ ಬಂದದ್ದು 1993ರಲ್ಲಿ.

ನಿಜವಾದ ವ್ಯತ್ಯಾಸ ಗೊತ್ತಾದದ್ದು ಎಳೆದಾಗ. ತೋಡಿ ರಾಗದ ಗಾಂಧಾರವನ್ನು ಅಲುಗಿಸಲು ರಿಷಭದ ಫ್ರೆಟ್ಟಿನಲ್ಲಿ ಬೆರಳಿಟ್ಟು ತಂತಿಯನ್ನು ಅಡ್ಡಕ್ಕೆ ತಳ್ಳುತ್ತೇನೆ. ಅಷ್ಟು ಮೇಲೇರಲು ತಂತಿಯ ಬಿಗಿತ ಕಾಲು ಪಾಲಿಗಿಂತ ಹೆಚ್ಚಬೇಕು. ಇಷ್ಟು ಬಿಗಿಯಲ್ಲಿ ಲೋಹದ ಮೇಲೆ ಲೋಹ ಹೋಗಿ ಬರುವಾಗ ನಿಕಲ್ ಸಿಲ್ವರಿನಲ್ಲಿ ಒಂದು ಸಣ್ಣ ಗರಗರ ಬೆರಳಿಗೆ ತಾಗುತ್ತದೆ. ಉಕ್ಕಿನಲ್ಲಿ ಅದು ಇಲ್ಲವೇ ಇಲ್ಲ. ಕಂಪಿತ ತಾನೇ ತಾನಾಗಿ ತೂಗಿತು. ಗಿಟಾರ್ ವಾದಕ ಪ್ರಸನ್ನರಂಥವರು ಇಡೀ ಕರ್ನಾಟಕ ಕಛೇರಿಯನ್ನೇ ಈ ವಾದ್ಯದಲ್ಲಿ ನಡೆಸುತ್ತಾರೆ. ಗಮಕವೇ ಪ್ರಾಣವಾದ ಸಂಗೀತಕ್ಕೆ ಫ್ರೆಟ್ಟಿನ ನುಣುಪು ಅಲಂಕಾರದ ಮಾತಲ್ಲ.

ಜೂನ್ 15

ಮಗಳು ಕೇಳಿದಳು: "ಅಪ್ಪಾ, ಸ್ಟೀಲ್ ಹಾಕಿದ್ರೆ ತಂತಿ ಬೇಗ ಸವೆಯುತ್ತಂತೆ, ಹೌದಾ?" ಇರಬಹುದು. ಆದರೆ ಮುಂಬಯಿಯ ಜುಲೈನಲ್ಲಿ ತಂತಿ ಸವೆಯುವ ಮೊದಲೇ ತುಕ್ಕು ಹಿಡಿದು ಸಾಯುತ್ತದೆ. ತಂತಿ ಬದಲಿಸುವುದು ಹತ್ತು ನಿಮಿಷದ ಕೆಲಸ, ಅದಕ್ಕಾಗಿ ಮರ ಮುಟ್ಟಬೇಕಿಲ್ಲ. ಎರಡರಲ್ಲಿ ಒಂದು ಸವೆಯಲೇಬೇಕೆಂದಿದ್ದರೆ ತಂತಿಯೇ ಸವೆಯಲಿ. ತಾಮ್ರ ಇರುವ ಫ್ರೆಟ್ಟಿಗೆ ಬೆವರು ತಾಗಿ ಹಿಡಿಯುವ ಕಿಲುಬೂ ಉಕ್ಕಿಗಿಲ್ಲ.

ಅಂಕಲ್‌ಗೆ ಹೇಳಿಬಿಟ್ಟೆ: ಉಕ್ಕೇ ಹಾಕಿ. ಎತ್ತರ 1.4 ಮಿಲಿಮೀಟರ್, ಅಗಲ 2.3. ಎತ್ತರವಿದ್ದರೆ ಬೆರಳು ಮರಕ್ಕೆ ಉಜ್ಜದೆ ತಂತಿಯನ್ನಷ್ಟೇ ಹಿಡಿದು ಎಳೆಯಬಹುದು. ಕೇಳಿದ ಕೂಲಿಗೆ ಚೌಕಾಸಿ ಮಾಡಲಿಲ್ಲ.

ಜುಲೈ 6

ಇವತ್ತು ಆಷಾಢ ಏಕಾದಶಿ. ವಡಾಲದ ವಿಠ್ಠಲನ ಗುಡಿಗೆ ಹೊರಟವರಿಂದ ರೈಲು ಕಿಕ್ಕಿರಿದಿತ್ತು. ಗಿಟಾರ್ ಹೊತ್ತು ಹೇಗೋ ಮನೆ ಸೇರಿದೆ.

ಕೆಲಸ ಬಲು ಚೊಕ್ಕ. ಪಟ್ಟಿಯ ಅಂಚಿನ ಮೇಲೆ ಅಂಗೈ ಎಳೆದರೆ ಒಂದು ತುದಿಯೂ ಚುಚ್ಚುವುದಿಲ್ಲ. ಐದನೇ ಫ್ರೆಟ್ಟಿನ ಹತ್ತಿರ ಎದ್ದಿದ್ದ ಚಕ್ಕೆಯನ್ನು ಬೀಟೆಯ ಪುಡಿಯಿಂದಲೇ ತುಂಬಿ, ಎಲ್ಲಿ ಎಂದು ತೋರಿಸಿ ಕೊಟ್ಟರು. ಅಂಥ ಪ್ರಾಮಾಣಿಕತೆಗೆ ಯಾವ ಕೂಲಿಯೂ ಕಡಿಮೆಯೇ.

ಸಂಜೆ ಪುರಂದರದಾಸರ ಪದವೊಂದನ್ನು ನುಡಿಸಲು ಕೂತೆ. ಗಾಂಧಾರ ಪ್ರತಿ ಸಲವೂ ಒಂದಿಷ್ಟು ಮೇಲೇರಿ ಹೋಗುತ್ತಿದೆ. ಇಷ್ಟು ವರ್ಷ ಬೆರಳು ಆ ಗರಗರವನ್ನು ಎದುರಿಸಿ ತಳ್ಳಲು ಕಲಿತಿತ್ತು. ಈಗ ಎದುರೇ ಇಲ್ಲದೆ ಅದೇ ಬಲದಲ್ಲಿ ಗೆರೆ ದಾಟುತ್ತದೆ. ತಂಬೂರಿ ಹಾಕಿಕೊಂಡು, ವಿಳಂಬದಲ್ಲಿ, ಒಂದೊಂದೇ ಸ್ವರವನ್ನು ಮತ್ತೆ ಕೂರಿಸಬೇಕು. ಅಕ್ಕ ಫೋನಿನಲ್ಲಿ ಕೇಳಿಸಿಕೊಂಡು, "ಗಾಂಧಾರ ಅವಸರ ಮಾಡ್ತಿದೆ ನೋಡು" ಎಂದಳು. ಅವಳ ಕಿವಿ!

ಮನೆಯಲ್ಲಿರುವ ಇನ್ನೊಂದು, ಹಳೆಯ ಅಕೌಸ್ಟಿಕ್ ಗಿಟಾರಿಗೆ ಮಾತ್ರ ಉಕ್ಕು ಬೇಡ. ಭಾವಗೀತೆಗಳಿಗೆ ಕಾರ್ಡ್ ಹಿಡಿಯುವುದಷ್ಟೇ ಅದರ ಕೆಲಸ, ಎಳೆತವಿಲ್ಲ. ಹಳ್ಳಗಳು ಮೇಲುಮೇಲಿನವು, ಎತ್ತರ ಬೇಕಾದಷ್ಟಿದೆ. ಇರುವ ನಿಕಲ್ ಸಿಲ್ವರನ್ನೇ ಲೆವೆಲ್ ಮಾಡಿಸಿದರೆ ಆಯಿತು. ಮಳೆ ನಿಂತು ಮರ ಹೀರಿದ ತೇವ ಇಳಿದ ಮೇಲೆ, ದಸರೆಯ ಹೊತ್ತಿಗೆ, ತರಲು ಅಂಕಲ್ ಹೇಳಿದ್ದಾರೆ. ಆ ದಿನ ರಜೆ ಹಾಕಿ ಪಕ್ಕದಲ್ಲೇ ಕೂತು ನೋಡುತ್ತೇನೆಂದೆ. "ಕುರ್ಚಿ ಇದೆ, ಬನ್ನಿ" ಎಂದರು.