ಒಂದು ಷಿಲಿಂಗಿನ ಸಾರು

ಶಂಕರಪುರದ ನಮ್ಮ ಮನೆಯಲ್ಲಿ ಒಲೆ ಆರಿದರೆ ಅಮ್ಮ ಊದುಗೊಳವೆ ಹಿಡಿಯುತ್ತಿದ್ದಳು. ಗ್ಲಾಸ್ಗೋ ನಗರದ ನನ್ನ ಬಾಡಿಗೆ ಕೋಣೆಯಲ್ಲಿ ಒಲೆ ಆರಿದರೆ ಗೋಡೆಯ ಮೀಟರಿಗೆ ಷಿಲಿಂಗ್ ನಾಣ್ಯ ನುಂಗಿಸಬೇಕಾಗಿತ್ತು. 1963ರ ಜನವರಿ ಅದು; ಬ್ರಿಟನ್ನೇ ಹೆಪ್ಪುಗಟ್ಟಿದ್ದ ಚಳಿಗಾಲ. ಅಮ್ಮ ಕಟ್ಟಿಕೊಟ್ಟಿದ್ದ ಸಾರಿನ ಪುಡಿ ಹಾಕಿ, ಇನ್ನೇನು ಕುದಿ ಬರಬೇಕು, ಗ್ಯಾಸು ನಿಂತುಹೋಯಿತು. ಜೇಬಿನಲ್ಲಿದ್ದುದು 11 ಪೆನ್ಸ್. ಷಿಲಿಂಗಿಗೆ 12 ಬೇಕು! ಯಂತ್ರಕ್ಕೆ ದಾಕ್ಷಿಣ್ಯವೆಲ್ಲಿಯದು?

ಮರುದಿನ ತರಗತಿಯಲ್ಲಿ ಉಷ್ಣಶಾಸ್ತ್ರದ ಪಾಠ. ಲಾರ್ಡ್ ಕೆಲ್ವಿನ್ 53 ವರ್ಷ ಪ್ರಾಧ್ಯಾಪಕನಾಗಿದ್ದ ಊರಿನಲ್ಲಿ ಶಾಖದ ವಿಚಾರವನ್ನು ನಡುಗುತ್ತ ಕೇಳಿದೆ. ಅಧ್ಯಾಪಕರ ಸ್ಕಾಟಿಷ್ ಉಚ್ಚಾರಣೆಯಲ್ಲಿ ನನಗೆ ತಿಳಿದುದು ಕರಿಹಲಗೆಯ ಮೇಲಿನ ಸಮೀಕರಣಗಳು ಮಾತ್ರ. ನನ್ನ ಬಸವನಗುಡಿಯ ಇಂಗ್ಲಿಷು ಹಡಗಿನಲ್ಲಿಯೇ ಉಳಿದುಹೋಯಿತೋ ಏನೋ!

ಇದೊಂದನ್ನೂ ಮನೆಗೆ ಬರೆಯುವಂತಿರಲಿಲ್ಲ. ನನ್ನ ಪ್ರಯಾಣದ ಖರ್ಚಿಗೆಂದು ಅಪ್ಪ ಅಡವಿಟ್ಟದ್ದು ಅಮ್ಮನ ಬಳೆಗಳನ್ನು. 'ಕೋಣೆ ಬೆಚ್ಚಗಿದೆ, ಊಟಕ್ಕೆ ಕೊರತೆಯಿಲ್ಲ' ಎಂದು ಆ ರಾತ್ರಿ ಕಂಬಳಿ ಹೊದ್ದು ಬರೆದೆ.

ಎರಡು ವಾರಗಳ ಮೇಲೆ ಉತ್ತರ ಬಂದಿತು. ಅಪ್ಪನ ಕ್ಷೇಮಸಮಾಚಾರದ ಕೆಳಗೆ ಅಮ್ಮನದು ಒಂದೇ ಸಾಲು: 'ಮಗೂ, ಅಕ್ಷರ ಏಕೆ ಹೀಗೆ ನಡುಗಿದೆ?'

ಮುಂದಿನ ಕಾಗದವನ್ನು ಗ್ರಂಥಾಲಯದ ಬಿಸಿನೀರಿನ ಕೊಳವೆಯ ಪಕ್ಕದಲ್ಲಿ ಕುಳಿತು, ದುಂಡಗೆ ಬರೆದೆ.